ಮುನ್ನರಿತವನ ಹೊಣೆ

ಪಾಂಡವರಲ್ಲಿ ಕಿರಿಯನಾದ ಸಹದೇವನು ಮುಂದಾಗುವುದನ್ನೆಲ್ಲ ಬಲ್ಲವನಾಗಿದ್ದನೆಂದೂ, ಆದರೆ ಯಾರಾದರೂ ಕೇಳಿದ ಹೊರತು ಅದನ್ನು ಹೇಳಬಾರದೆಂಬ ಕಟ್ಟಳೆಗೆ ಒಳಗಾಗಿದ್ದನೆಂದೂ ಜನರಲ್ಲಿ ಒಂದು ಕಥೆಯುಂಟು. ಮೂಲಭಾರತದಲ್ಲಿ ಅದಕ್ಕೆ ಆಧಾರವುಂಟೋ ಇಲ್ಲವೋ ಎಂಬುದನ್ನು ಪಂಡಿತರು ವಿಚಾರಿಸಲಿ. ಜಗಲಿಯ ಮೇಲೆ ಕುಳಿತು ಕಥೆ ಹೇಳುವವರಿಗೆ ಆಧಾರದ ಚಿಂತೆಯಿಲ್ಲ. ಜೂಜು ನಡೆಯಿತು, ವನವಾಸವಾಯಿತು, ಕುಲಕ್ಷಯವಾಯಿತು. ಎಲ್ಲವನ್ನೂ ಬಲ್ಲವನೊಬ್ಬನು ಪಕ್ಕದಲ್ಲಿಯೇ ಮೌನದಿಂದ ಕುಳಿತಿದ್ದನು. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಥೆ ಕೇಳಿದ ಮಕ್ಕಳು ಮಾತ್ರ, ಕೇಳದಿದ್ದರೇನಾಯಿತು, ಹೇಳಬಹುದಾಗಿತ್ತಲ್ಲ ಎಂದು ಪ್ರಶ್ನಿಸುವರು. ಹಿರಿಯರು ಶಾಪದ ಮಾತನ್ನು ತೆಗೆದು ಅವರನ್ನು ಸುಮ್ಮನಾಗಿಸುವರು.

ಮಕ್ಕಳು ಸುಮ್ಮನಾದರೂ ಆ ಪ್ರಶ್ನೆಯು ಸುಮ್ಮನಾಗತಕ್ಕದ್ದಲ್ಲ. ಈ ಕಾಲದಲ್ಲಿ ಅದು ಕಡಲಿನ ದಂಡೆಯ ಮೇಲೆ ಬಂದು ನಿಂತಿದೆ. ಗಾಳಿ ಯಾವ ದಿಕ್ಕಿನಿಂದ ಏಳುವುದು, ಅಲೆ ಎಷ್ಟು ಎತ್ತರಕ್ಕೆ ಬರುವುದು, ನೀರು ಎಷ್ಟು ಕಾಯುವುದು ಎಂಬುದನ್ನು ಕೆಲವು ದಿನಗಳ ಮುಂಚೆಯೇ ಗಣಿಸುವ ವಿದ್ಯೆ ಮನುಷ್ಯನ ಕೈಗೆ ಬಂದಿದೆ. ಆದರೆ ಸಹದೇವನದು ನಿಶ್ಚಿತವಾದ ಜ್ಞಾನ. ಇದಾದರೋ ಸಂಭವದ ಜ್ಞಾನ. ನಾಳೆ ಬಿರುಗಾಳಿ ಬರಬಹುದೆಂದು ಹೇಳಬಲ್ಲುದೇ ಹೊರತು, ಬಂದೇ ತೀರುವುದೆಂದು ಆಣೆಯಿಡಲಾರದು. ಹೀಗಿರುವಲ್ಲಿ, ಅರೆಯಾಗಿ ಅರಿತವನು ಬಾಯಿ ತೆರೆಯಬೇಕೋ, ಪೂರ್ತಿಯಾಗಿ ಅರಿಯುವ ತನಕ ತಾಳಿಕೊಂಡಿರಬೇಕೋ? ಹೇಳಿದ್ದು ಸುಳ್ಳಾದರೆ ದೋಷವು ಯಾರದು? ಹೇಳದೆ ಬಿಟ್ಟದ್ದು ನಿಜವಾದರೆ ಯಾರದು?

ಈ ಪ್ರಶ್ನೆಗೆ ತನ್ನ ಬಾಳನ್ನೇ ಒತ್ತೆಯಿಟ್ಟವನೊಬ್ಬನಿದ್ದನು. ಅವನು ಇಂಗ್ಲೆಂಡಿನ ನೌಕಾಪಡೆಯ ಅಧಿಕಾರಿ ರಾಬರ್ಟ್ ಫಿಟ್ಜ್‌ರಾಯ್. ಜೀವವಿಕಾಸದ ವಾದವನ್ನು ಲೋಕಕ್ಕೆ ಕೊಟ್ಟ ಡಾರ್ವಿನ್ನನು ಯುವಕನಾಗಿ ಬೀಗಲ್ ಎಂಬ ಹಡಗಿನಲ್ಲಿ ಭೂಮಂಡಲವನ್ನು ಸುತ್ತಿದ ಸಂಗತಿಯನ್ನು ಓದಿದವರು ಬಹಳ ಮಂದಿ. 1831ರಿಂದ 1836ರವರೆಗಿನ ಆ ಯಾತ್ರೆಯಲ್ಲಿ ಹಡಗಿನ ನಾಯಕನಾಗಿದ್ದವನನ್ನು ನೆನೆಯುವವರು ಕಡಿಮೆ. ಅವನೇ ಈ ಫಿಟ್ಜ್‌ರಾಯ್. 1854ರಲ್ಲಿ ಅವನನ್ನು ಸರಕಾರದ ಹೊಸದೊಂದು ಹವಾಮಾನದ ಕಚೇರಿಗೆ ಮುಖ್ಯಸ್ಥನನ್ನಾಗಿ ನೇಮಿಸಿದರು. ಹಡಗುಗಳಿಂದ ಬರುವ ಗಾಳಿಯ ಲೆಕ್ಕಗಳನ್ನು ಕೂಡಿಸಿ ಪಟ್ಟಿಗಳನ್ನು ತಯಾರಿಸುವುದು, ಅಂದರೆ ಆಗಿಹೋದುದನ್ನು ಬರೆದಿಡುವುದು, ಆ ಕಚೇರಿಯ ಕೆಲಸವಾಗಿತ್ತು. ಆಗಲಿರುವುದನ್ನು ಹೇಳೆಂದು ಅವನನ್ನು ಯಾರೂ ಕೇಳಿರಲಿಲ್ಲ.

1859ರ ಅಕ್ಟೋಬರ್ 25ರ ರಾತ್ರಿ, ಆಸ್ಟ್ರೇಲಿಯದ ಮೆಲ್ಬೊರ್ನಿನಿಂದ ಹೊರಟು ಲಿವರ್‌ಪೂಲನ್ನು ಸೇರಬೇಕಾಗಿದ್ದ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ಆಂಗಲ್‌ಸೀ ದ್ವೀಪದ ಬಂಡೆಗಳಿಗೆ ಬಡಿದು ಒಡೆಯಿತು. ಚಿನ್ನದ ಗಣಿಗಳಲ್ಲಿ ದುಡಿದು ಗಳಿಸಿದ್ದನ್ನು ಕಟ್ಟಿಕೊಂಡು ಮನೆಗೆ ಮರಳುತ್ತಿದ್ದವರು ಅದರಲ್ಲಿದ್ದರು. ಎರಡು ತಿಂಗಳ ಪ್ರಯಾಣವು ಮುಗಿದು ಊರಿನ ದಡವು ಕಣ್ಣಿಗೆ ಬಿದ್ದ ಬಳಿಕ ಸುಮಾರು 450 ಮಂದಿ ಮಡಿದರು. ಅದೇ ಬಿರುಗಾಳಿಯಲ್ಲಿ ಬ್ರಿಟನ್ನಿನ ಸುತ್ತಲೂ ನೂರಕ್ಕೂ ಮಿಕ್ಕಿ ಹಡಗುಗಳು ಹಾಳಾದುವು. ಫಿಟ್ಜ್‌ರಾಯನು ಆ ದಿನಗಳ ಗಾಳಿಯ, ವಾಯುಭಾರದ ಲೆಕ್ಕಗಳನ್ನೆಲ್ಲ ತರಿಸಿ ನಕ್ಷೆಗಳ ಮೇಲೆ ಗುರುತಿಸಿ ನೋಡಿದನು. ಬಿರುಗಾಳಿಯು ಎಲ್ಲ ಕಡೆಯಲ್ಲಿಯೂ ಒಂದೇ ಗಳಿಗೆಯಲ್ಲಿ ಎದ್ದುದಲ್ಲ. ಒಂದು ದಾರಿ ಹಿಡಿದು ನಡೆದುಬಂದುದು. ನಡೆಯುವ ಬಿರುಗಾಳಿಗಿಂತ ತಂತಿಯ ವರ್ತಮಾನವು ಬೇಗ ಓಡಬಲ್ಲುದು. ದಕ್ಷಿಣದ ಬಂದರದಲ್ಲಿ ಕಂಡುದನ್ನು ಉತ್ತರದ ಬಂದರಕ್ಕೆ ತಂತಿಯಿಂದ ತಿಳಿಸಿದ್ದರೆ ಎಷ್ಟು ಹಡಗುಗಳು ಲಂಗರನ್ನು ಕೀಳದೆ ಇರುತ್ತಿದ್ದುವು! ತಂತಿಯೂ ಇತ್ತು, ವಾಯುಭಾರಮಾಪಕವೂ ಇತ್ತು. ಹೇಳುವುದು ತನ್ನ ಕೆಲಸವೆಂದು ಭಾವಿಸಿದವರು ಮಾತ್ರ ಇರಲಿಲ್ಲ.

1861ರ ಫೆಬ್ರವರಿಯಿಂದ ಅವನು ಬಂದರಗಳಿಗೆ ಬಿರುಗಾಳಿಯ ಎಚ್ಚರಿಕೆಯನ್ನು ಕಳುಹಿಸತೊಡಗಿದನು. ಎತ್ತರವಾದ ಕಂಬಕ್ಕೆ ಕ್ಯಾನ್ವಾಸಿನ ದೊಡ್ಡ ಶಂಕುವೊಂದನ್ನು ಏರಿಸುವರು. ಮೊನೆ ಮೇಲಾದರೆ ಉತ್ತರದ ಗಾಳಿ, ಮೊನೆ ಕೆಳಗಾದರೆ ದಕ್ಷಿಣದ ಗಾಳಿ. ಅಕ್ಷರವರಿಯದ ಬೆಸ್ತನೂ ಓದಬಲ್ಲ ಲಿಪಿಯದು. ಅದೇ ವರ್ಷದ ಆಗಸ್ಟಿನಿಂದ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಮರುದಿನದ ಹವೆಯ ವಿಚಾರವು ಅಚ್ಚಾಗತೊಡಗಿತು. ಇದಕ್ಕೆ ಯಾವ ಹೆಸರನ್ನು ಕೊಡಬೇಕೆಂಬ ವಿಷಯದಲ್ಲಿಯೂ ಅವನು ಬಹಳ ಎಚ್ಚರ ವಹಿಸಿದನು. ಇದು ಭವಿಷ್ಯವಾಣಿಯಲ್ಲ, ಜೋಯಿಸರ ಮಾತಲ್ಲ, ಲೆಕ್ಕ ಹಾಕಿ ತಳೆದ ಅಭಿಪ್ರಾಯ ಮಾತ್ರವೆಂದು ತಿಳಿಸುವ ಸಲುವಾಗಿ ‘ಫೋರ್‌ಕಾಸ್ಟ್’ ಎಂಬ ಮಾತನ್ನು ಆರಿಸಿಕೊಂಡನು. ನಮ್ಮಲ್ಲಿ ಈಗ ಬಳಕೆಯಲ್ಲಿರುವ ‘ಮುನ್ಸೂಚನೆ’ಯೂ ಅಂಥದೇ, ಮುಂದಾಗುವುದನ್ನು ಸೂಚಿಸುವುದೇ ಹೊರತು ಸಾರಿ ಹೇಳುವುದಲ್ಲ. ಒಂದು ಹೆಸರಿನಲ್ಲಿ ಇಷ್ಟು ವಿನಯವನ್ನು ಇಟ್ಟವನನ್ನು ಲೋಕವು ಜೋಯಿಸನೆಂದೇ ಎಣಿಸಿತು. ಸೂಚನೆಯು ಸರಿಯಾದ ದಿನ ಯಾರೂ ಅವನನ್ನು ನೆನೆಯಲಿಲ್ಲ. ತಪ್ಪಿದ ದಿನ ಪತ್ರಿಕೆಗಳು ಹಾಸ್ಯ ಮಾಡಿದುವು. ಇತ್ತ ವಿದ್ವಾಂಸರು, ನಿಯಮಗಳು ಸಿದ್ಧವಾಗದಿರುವಾಗಲೇ ಊಹೆಗಳನ್ನು ಶಾಸ್ತ್ರದ ಹೆಸರಿನಲ್ಲಿ ಹೊರಡಿಸುವುದು ಶಾಸ್ತ್ರಕ್ಕೇ ಅಪಕೀರ್ತಿಯೆಂದರು. ಆರೋಗ್ಯವು ಕೆಟ್ಟಿತ್ತು, ಕೈಯಲ್ಲಿದ್ದ ಆಸ್ತಿಯೂ ಸಾರ್ವಜನಿಕ ಕಾರ್ಯಗಳಲ್ಲಿ ಕರಗಿಹೋಗಿತ್ತು. 1865ರ ಏಪ್ರಿಲ್ 30ರಂದು ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಅಂಥ ಸಾವಿಗೆ ಒಂದೇ ಕಾರಣವನ್ನು ತೋರಿಸುವುದು ನ್ಯಾಯವಲ್ಲ. ಇಲ್ಲಿ ಅದಕ್ಕೆ ಕೈಹಾಕುವ ಅಗತ್ಯವೂ ಇಲ್ಲ.

ಅವನು ಸತ್ತ ಮೇಲೆ ನಡೆದುದೇ ಪ್ರಕೃತ ವಿಚಾರಕ್ಕೆ ಹೆಚ್ಚು ಉಪಯುಕ್ತವಾದುದು. ಫ್ರಾನ್ಸಿಸ್ ಗಾಲ್ಟನ್ನನ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಕುಳಿತು ಅವನ ಕೆಲಸವನ್ನು ಪರೀಕ್ಷಿಸಿತು. 1866ರಲ್ಲಿ ದಿನದಿನದ ಮುನ್ಸೂಚನೆಯು ನಿಂತಿತು. ವರ್ಷದ ಕೊನೆಗೆ ಬಂದರಗಳ ಸಂಕೇತಗಳೂ ಇಳಿದುವು. ಆಗ ಗಲಾಟೆ ಮಾಡಿದವರು ವಿದ್ವಾಂಸರಲ್ಲ, ಕಡಲಿನ ಮೇಲೆ ಹೋಗಿ ಬರುವವರು. ತಪ್ಪುಗಳಿದ್ದರೂ ಚಿಂತೆಯಿಲ್ಲ, ಶಂಕುವನ್ನು ಮತ್ತೆ ಏರಿಸಿರೆಂಬುದು ಅವರ ಬೇಡಿಕೆ. 1867ರಲ್ಲಿ ಸಂಕೇತಗಳು ಮತ್ತೆ ಆರಂಭವಾದುವು.

ಇಲ್ಲಿ ಎರಡು ಬಗೆಯ ನೀತಿಗಳು ಎದುರುಬದುರಾಗಿ ನಿಂತಿವೆಯೆಂಬುದನ್ನು ವಾಚಕರು ಗಮನಿಸಬೇಕು. ಸಮಿತಿಯ ಪಂಡಿತರು ಕೆಟ್ಟವರಾಗಿರಲಿಲ್ಲ. ತಿಳಿಯದುದನ್ನು ತಿಳಿದಂತೆ ಹೇಳಬಾರದೆಂಬುದು ವಿದ್ಯೆಯ ಮೊದಲನೆಯ ವ್ರತ. ಅವರು ಆ ವ್ರತವನ್ನು ಪಾಲಿಸಿದರು. ಆದರೆ ಆ ವ್ರತದಲ್ಲಿ ಲೆಕ್ಕಕ್ಕೆ ಬರುವುದು ಹೇಳುವವನ ಶುದ್ಧಿಯೇ ಹೊರತು ಕೇಳುವವನ ಪ್ರಾಣವಲ್ಲ. ಮೌನವಾಗಿದ್ದವನ ಮಾತು ಎಂದೂ ಸುಳ್ಳಾಗದು. ಆದರೆ ಆ ಸುಳ್ಳಾಗದಿರುವಿಕೆಯ ಬೆಲೆಯನ್ನು ತೆರುವವರು ಬೇರೆಯವರು. ಬೆಸ್ತರಾದರೋ ತಪ್ಪುಗಳ ಎರಡು ಜಾತಿಗಳನ್ನು ಬಿಡಿಸಿ ನೋಡಿದರು. ಬಾರದ ಗಾಳಿಗೆ ಹೆದರಿ ದಡದಲ್ಲಿ ಕುಳಿತರೆ ಒಂದು ದಿನದ ಸಂಪಾದನೆ ಹೋಗುವುದು. ಬರುವ ಗಾಳಿಯನ್ನರಿಯದೆ ಹೊರಟರೆ ಮರುದಿನವೇ ಇಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಇಷ್ಟು ಸಲ ಸರಿ, ಇಷ್ಟು ಸಲ ತಪ್ಪು ಎಂದು ಅಂಕಗಳನ್ನು ಕೊಡುವುದು ಪಾಠಶಾಲೆಯ ಪರೀಕ್ಷೆಗೆ ಸರಿಯಾದೀತು. ಜೀವದ ಪ್ರಶ್ನೆಗೆ ಅದು ಸಲ್ಲದು.

ಅದಂತಿರಲಿ. ನಮ್ಮ ದೇಶದ ಕಡಲುಗಳ ಕಡೆಗೆ ತಿರುಗಿದರೂ ಕಾಣುವುದು ಇದೇ. 1864ರ ಅಕ್ಟೋಬರಿನಲ್ಲಿ ಕಲಕತ್ತೆಯ ಮೇಲೆ ಎರಗಿದ ಚಂಡಮಾರುತದಲ್ಲಿ ಸತ್ತವರ ಎಣಿಕೆಯನ್ನು ಅರುವತ್ತು ಸಾವಿರದಷ್ಟೆಂದು ಹೇಳುತ್ತಾರೆ. ಮರುವರ್ಷ ಆ ಬಂದರಕ್ಕೆ ಎಚ್ಚರಿಕೆಯ ಏರ್ಪಾಡಾಯಿತು, 1875ರಲ್ಲಿ ಭಾರತದ ಹವಾಮಾನ ಇಲಾಖೆಯು ಹುಟ್ಟಿತು. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಕಡಲಿನ ತಳವು ಬಿರಿದಾಗ ಪೆಸಿಫಿಕ್ ಸಾಗರವನ್ನು ಕಾಯಲು ಹವಾಯಿಯಲ್ಲಿದ್ದ ಕೇಂದ್ರಕ್ಕೆ ಭೂಮಿ ನಡುಗಿದ ಸುದ್ದಿ ಕೆಲವು ನಿಮಿಷಗಳಲ್ಲಿಯೇ ಮುಟ್ಟಿತ್ತು. ಅಲೆಯು ತಮಿಳುನಾಡಿನ ದಡವನ್ನು ತಲಪಲು ಎರಡು ಗಂಟೆಗಳಿಗೂ ಹೆಚ್ಚು ಹೊತ್ತು ಹಿಡಿಯಿತು. ಆದರೆ ಹಿಂದೂ ಮಹಾಸಾಗರದ ತೀರಗಳಲ್ಲಿ ಇಂಥವರಿಗೆ ಹೇಳಬೇಕು, ಅವರು ಇಂಥವರಿಗೆ ಮುಟ್ಟಿಸಬೇಕೆಂಬ ವ್ಯವಸ್ಥೆಯೇ ಇರಲಿಲ್ಲ. ಸಹದೇವನ ಕಥೆಯು ಇಲ್ಲಿ ತಲೆಕೆಳಗಾಯಿತು. ಅರಿತವನಿದ್ದನು, ಕೇಳುವ ಕಿವಿಯ ವಿಳಾಸವೇ ಇರಲಿಲ್ಲ. ಹಲವು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರು ಸತ್ತರು. ಅದೇ ದಿನ, ಭೂಮಿ ಬಿರಿದ ಜಾಗಕ್ಕೆ ಅತಿ ಸಮೀಪದಲ್ಲಿದ್ದ ಸಿಮೆಲೂ ಎಂಬ ದ್ವೀಪದಲ್ಲಿ ಸತ್ತವರು ಬೆರಳೆಣಿಕೆಯಷ್ಟು ಮಾತ್ರ. 1907ರಲ್ಲಿ ಅಲ್ಲಿ ಬಂದಿದ್ದ ಅಂಥದೇ ಅಲೆಯ ನೆನಪನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದರು: ಭೂಮಿಯು ಬಲವಾಗಿ ನಡುಗಿ ಕಡಲು ಹಿಂದಕ್ಕೆ ಸರಿದರೆ ಗುಡ್ಡಕ್ಕೆ ಓಡಬೇಕು. ಯಾರೂ ಕೇಳುವ ತನಕ ಆ ಅಜ್ಜಿಯರು ಕಾದಿರಲಿಲ್ಲ. ಮುಂದೆ 2007ರಲ್ಲಿ, ಹೈದರಾಬಾದಿನಲ್ಲಿ 1999ರಿಂದ ನಡೆದಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರದಲ್ಲಿ ಸುನಾಮಿಯ ಎಚ್ಚರಿಕೆಯ ಶಾಖೆಯು ಏರ್ಪಟ್ಟಿತು. 2012ರ ಏಪ್ರಿಲ್ 11ರಂದು ಸುಮಾತ್ರದ ಬಳಿ ಮತ್ತೆ ಭಾರಿ ಭೂಕಂಪವಾದಾಗ ಅಲ್ಲಿಂದ ಎಚ್ಚರಿಕೆ ಹೊರಟಿತು. ದೊಡ್ಡ ಅಲೆ ಬರಲಿಲ್ಲ. ಅದನ್ನು ತಪ್ಪೆಂದು ಎಣಿಸುವವರು 2004ನ್ನು ಮರೆತವರೇ ಸರಿ.

ಆದರೆ ಹೇಳಿದ ಮಾತ್ರಕ್ಕೆ ಹೊಣೆಯು ತೀರಿತೆ? 1999ರ ಅಕ್ಟೋಬರಿನಲ್ಲಿ ಒರಿಸ್ಸದ ಮೇಲೆ ಬಂದ ಚಂಡಮಾರುತಕ್ಕೆ ಮುನ್ಸೂಚನೆ ಇಲ್ಲದೆ ಇರಲಿಲ್ಲ. ಸುಮಾರು ಹತ್ತು ಸಾವಿರ ಜನರು ಸತ್ತರು. 2013ರ ಅಕ್ಟೋಬರಿನಲ್ಲಿ ಅದೇ ಕರಾವಳಿಯ ಗೋಪಾಲಪುರದ ಬಳಿ ಮತ್ತೊಂದು ಘೋರ ಚಂಡಮಾರುತವು ದಡವೇರಿತು. ಸತ್ತವರ ಎಣಿಕೆ ನೂರನ್ನು ಮುಟ್ಟಲಿಲ್ಲ. ನಡುವಣ ಹದಿನಾಲ್ಕು ವರ್ಷಗಳಲ್ಲಿ ಗಣಿತವು ಸುಧಾರಿಸಿದ್ದು ಹೌದು. ಅದಕ್ಕಿಂತ ಹೆಚ್ಚಾಗಿ, ಓಡಿಬಂದವನು ನಿಲ್ಲಲು ಗಟ್ಟಿಯಾದ ಕಟ್ಟಡಗಳು ಎದ್ದಿದ್ದುವು, ಮುದುಕರನ್ನು ಎತ್ತಿ ತರುವ ಕೈಗಳು ಸಿದ್ಧವಾಗಿದ್ದುವು. ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಿದ್ದರು. ಓಡು ಎನ್ನುವವನು ಓಡಿ ಸೇರುವ ಜಾಗವನ್ನೂ ತೋರಿಸಬೇಕು. ಇಲ್ಲವಾದರೆ ಎಚ್ಚರಿಕೆಯು ಹೇಳಿದವನ ಮೈಮೇಲಿನ ಹೊಣೆಯನ್ನು ಜಾಡಿಸಿ ಕೇಳಿದವನ ಮೇಲೆ ಹೊರಿಸುವ ಉಪಾಯವಾಗುವುದು.

ಮೀನುಗಾರರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮವಾದುದು. ಮಲ್ಪೆಯಲ್ಲಾಗಲಿ ಕಾರವಾರದಲ್ಲಾಗಲಿ ಬೋಟು ಹೊರಡುವುದೆಂದರೆ ಡೀಸೆಲು, ಮಂಜುಗಡ್ಡೆ, ಆಳುಗಳ ಊಟದ ಸಾಮಾನು ಎಲ್ಲಕ್ಕೂ ಹಣ ಸುರಿದಾಗಿರುತ್ತದೆ. ಬಹುಮಟ್ಟಿಗೆ ಅದು ಸಾಲದ ಹಣ. ದಡಕ್ಕೆ ತಿರುಗಿರೆಂಬ ಸೂಚನೆಯು ತಂಡೇಲನ ಕಿವಿಗೆ ಬಿದ್ದಾಗ ಅವನು ತೂಗುವುದು ಗಾಳಿಯೊಂದನ್ನೇ ಅಲ್ಲ. ತಿರುಗಿ ಬಂದು ಗಾಳಿಯೂ ಬಾರದೆ ಹೋದರೆ ಆ ನಷ್ಟವು ಮುನ್ಸೂಚನೆ ಕೊಟ್ಟ ಕಚೇರಿಯದಲ್ಲ, ಅದನ್ನು ಮನೆಯಲ್ಲಿ ಕುಳಿತು ಓದಿದ ಪಟ್ಟಣಿಗರದೂ ಅಲ್ಲ. ಬಲೆಯೆಳೆಯುವ ಆಳಿನ ಪಾಲಿನದು. ಮೇಲುಮೇಲಾಗಿ ಹೀಗಾದರೆ ಅವನು ಸೂಚನೆಯನ್ನು ಲಕ್ಷಿಸದಂತಾಗುವುದು ಆಶ್ಚರ್ಯವಲ್ಲ. ಅದನ್ನು ಹಟವೆಂದೂ ಅಜ್ಞಾನವೆಂದೂ ಜರೆಯುವವರು, ತಮ್ಮ ಸಂಬಳದಲ್ಲಿ ಒಂದು ದಿನದ್ದನ್ನು ಗಾಳಿಯ ಮೇಲೆ ಪಣವಿಟ್ಟು ನೋಡಬೇಕು. ಎಚ್ಚರಿಕೆಯು ಸಮಾಜದ ಹೆಸರಿನಲ್ಲಿ ಹೊರಡುವುದಾದರೆ ಅದು ಹುಸಿಯಾದ ದಿನದ ಗಂಜಿಯೂ ಸಮಾಜದ ಬೊಕ್ಕಸದಿಂದಲೇ ಬರಬೇಕಾದುದು ಧರ್ಮ. ಮೀನುಗಾರಿಕೆಗೆ ನಿಷೇಧವಿರುವ ತಿಂಗಳುಗಳಲ್ಲಿ ಮೀನುಗಾರನ ಉಳಿತಾಯಕ್ಕೆ ಸರಕಾರಗಳು ತಮ್ಮ ಪಾಲನ್ನು ಸೇರಿಸಿ ಕೊಡುವ ಪದ್ಧತಿಯಿದೆ. ಎಚ್ಚರಿಕೆಯ ದಿನಗಳಿಗೂ ಅಂಥದನ್ನು ಎಲ್ಲೆಡೆ ನಿಯಮವಾಗಿ ಮಾಡುವುದು ಅಸಾಧ್ಯವೇನಲ್ಲ.

ಕೇಳುವ ಮನಸ್ಸಿದ್ದರೂ ಕೇಳಿಸದವರ ಮಾತು ಬೇರೆ. 2017ರ ನವೆಂಬರ್ ಕೊನೆಗೆ ಕನ್ಯಾಕುಮಾರಿಯ ದಕ್ಷಿಣಕ್ಕೆ ಒಖಿ ಚಂಡಮಾರುತವು ಬಹು ತ್ವರಿತವಾಗಿ ಬಲಿಯಿತು. ಅದಕ್ಕೆ ಕೆಲವು ದಿನಗಳ ಮುಂಚೆಯೇ ಆಳಸಮುದ್ರಕ್ಕೆ ಹೋಗಿದ್ದ ಬೋಟುಗಳಿಗೆ ದಡದ ಮಾತು ಮುಟ್ಟುವ ಮಾರ್ಗವಿರಲಿಲ್ಲ. ನೂರಾರು ಮೀನುಗಾರರು ಮರಳಲಿಲ್ಲ. ಉಪಗ್ರಹದ ಮೂಲಕ ಅಷ್ಟು ದೂರಕ್ಕೂ ಸೂಚನೆಯನ್ನು ತಲಪಿಸುವ ಸಲಕರಣೆ ಬಂದುದು 2019ರಲ್ಲಿ. ಇದಕ್ಕೆ ಪ್ರತಿಯಾಗಿ, 2021ರ ಮೇ ತಿಂಗಳಿನಲ್ಲಿ ಮುಂಬಯಿಯ ಪಶ್ಚಿಮಕ್ಕೆ ಎಣ್ಣೆಯ ಬಾವಿಗಳ ಬಳಿ ನಿಂತಿದ್ದ ನೌಕೆಯೊಂದಕ್ಕೆ ಚಂಡಮಾರುತದ ಸುದ್ದಿಯು ದಿನಗಳ ಮುಂಚೆಯೇ ತಿಳಿದಿತ್ತು. ಅದು ಬಂದರಕ್ಕೆ ಮರಳಲಿಲ್ಲ. ಅದೂ ಅದರ ಸಮೀಪದ ಎಳೆಯುವ ಹಡಗೊಂದೂ ಮುಳುಗಿ ಎಂಬತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಒಳಗಿದ್ದ ಕೂಲಿಯವನು ಮುನ್ಸೂಚನೆಯನ್ನು ಕೇಳಿದ್ದರೂ ಏನು ಮಾಡಬಲ್ಲವನಾಗಿದ್ದನು? ನಿಲ್ಲುವುದೋ ಹೊರಡುವುದೋ ಎಂದು ನಿಶ್ಚಯಿಸುವ ಅಧಿಕಾರವು ಮುಳುಗುವವನ ಕೈಯಲ್ಲಿರಲಿಲ್ಲ. ಅರಿತವನ ಹೊಣೆಯು ಇಂಥಲ್ಲಿ ಅಧಿಕಾರವಿದ್ದವನ ಹೊಣೆಯಾಗಿ ಮಾರ್ಪಡುತ್ತದೆ. ಅವನು ತಿಳಿದಿರಲಿಲ್ಲವೆಂದು ಹೇಳಿಕೊಳ್ಳುವ ಬಾಗಿಲನ್ನು ಮುನ್ಸೂಚನೆಯು ಮುಚ್ಚಿಬಿಡುತ್ತದೆ.

ಹಿಂದಿನವರು ಮುಗಿಲನ್ನೂ ಹಕ್ಕಿಗಳನ್ನೂ ನೋಡಿಯೇ ಕಡಲನ್ನು ತಿಳಿಯುತ್ತಿದ್ದರು, ಈ ಯಂತ್ರಗಳೇಕೆ ಎನ್ನುವವರೂ ಉಂಟು. ಆ ಅರಿವು ಸಣ್ಣದಲ್ಲ. ಆದರೆ ಮಲೆಯಾಳದವರು ‘ಕಳ್ಳಕ್ಕಡಲ್’ ಎಂದು ಕರೆಯುವ ಒಂದು ಬಗೆಯ ಅಲೆಯುಂಟು. ಆಕಾಶವು ನಿರ್ಮಲವಾಗಿ ಎಲೆ ಅಲುಗದ ದಿನ, ನೀರು ಕಳ್ಳನಂತೆ ದಡವೇರಿ ಮನೆಗಳೊಳಗೆ ನುಗ್ಗುತ್ತದೆ. ಅದನ್ನು ಹುಟ್ಟಿಸಿದ ಗಾಳಿ ಬೀಸಿದ್ದು ಸಾವಿರಾರು ಮೈಲು ದಕ್ಷಿಣದಲ್ಲಿ, ಕೆಲವು ದಿನಗಳ ಹಿಂದೆ. ದಡದಲ್ಲಿ ನಿಂತವನ ಕಣ್ಣು ಎಷ್ಟು ಪಳಗಿದ್ದರೂ ಆ ಗಾಳಿಯನ್ನು ಕಾಣದು. ದೂರದಲ್ಲಿ ಕಂಡವನು ಹೇಳಿದರೇ ಉಂಟು.

ಇಷ್ಟರವರೆಗೆ ಮನುಷ್ಯನ ಕ್ಷೇಮದ ಮಾತಾಯಿತು. ಆದರೆ ಈ ಮುನ್ನರಿವು ಕಡಲಿನೊಳಗಿನ ಜೀವಿಗಳ ಮೇಲೆಯೂ ಅಧಿಕಾರವನ್ನು ಕೊಟ್ಟಿದೆ. ಹೈದರಾಬಾದಿನ ಅದೇ ಕೇಂದ್ರವು ಉಪಗ್ರಹಗಳಿಂದ ನೀರಿನ ಶಾಖವನ್ನೂ ಅದರಲ್ಲಿನ ಹಸುರಿನ ಪ್ರಮಾಣವನ್ನೂ ಅಳೆದು, ಮೀನುಗಳು ಎಲ್ಲಿ ನೆರೆಯುವ ಸಂಭವವಿದೆಯೆಂದು ಮೀನುಗಾರರಿಗೆ ತಿಳಿಸುತ್ತದೆ. ಅಲೆದಾಟ ತಪ್ಪುವುದು, ಎಣ್ಣೆ ಉಳಿಯುವುದು, ಒಳ್ಳೆಯದೇ. ಆದರೆ ಮೀನಿಗೆ ಇಷ್ಟು ಕಾಲ ಇದ್ದ ರಕ್ಷೆಯೆಂದರೆ ಮನುಷ್ಯನ ಅಜ್ಞಾನ. ಅದನ್ನು ಈ ವಿದ್ಯೆಯು ಕಿತ್ತುಕೊಂಡಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅನೇಕ ಬಗೆಯ ಮೀನುಗಳು ಮೊಟ್ಟೆಯಿಡುವ ಮಳೆಗಾಲದಲ್ಲಿ, ಯಂತ್ರದ ಬೋಟುಗಳಿಗೆ ನಿಷೇಧವಿದೆ. ಆ ದಿನಗಳಲ್ಲಿ ಕೇಂದ್ರವು ಆ ಕರಾವಳಿಗೆ ಮೀನಿನ ಸುಳಿವನ್ನು ಕೊಡುವುದಿಲ್ಲ. ಬಲ್ಲವನು ಬಾಯಿ ಮುಚ್ಚಿಕೊಂಡಿರುವುದೇ ಧರ್ಮವಾಗುವ ಸಮಯವೂ ಒಂದುಂಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಮೊಗವೀರರು ನೂಲಹುಣ್ಣಿಮೆಯಂದು ಕಡಲಿಗೆ ಹಾಲೆರೆದು ತೆಂಗಿನಕಾಯಿಯನ್ನು ಅರ್ಪಿಸುವ ವಾಡಿಕೆಯಲ್ಲಿಯೂ, ಇಷ್ಟು ದಿನ ನಿನ್ನನ್ನು ಬಿಟ್ಟಿದ್ದೆವು, ಇನ್ನು ಬರುವೆವು ಎಂಬ ಅರ್ಥವು ಅಡಗಿದಂತಿದೆ. ಸಹದೇವನ ಮೌನಕ್ಕೂ ಈ ಮೌನಕ್ಕೂ ಇರುವ ಭೇದವೆಂದರೆ, ಮಾತಿನಿಂದ ಯಾರಿಗೆ ಕೇಡು, ಮೌನದಿಂದ ಯಾರಿಗೆ ಕೇಡು ಎಂಬುದು. ಹೇಳಬೇಕೆಂಬುದಾಗಲಿ ಹೇಳಬಾರದೆಂಬುದಾಗಲಿ ತನ್ನಷ್ಟಕ್ಕೆ ತಾನೇ ಧರ್ಮವಲ್ಲ.

ಉಳಿದುದು ಹವಳದ ಮಾತು. ಕಡಲಿನ ನೀರು ವಾಡಿಕೆಯನ್ನು ಮೀರಿ ಕೆಲವು ವಾರಗಳ ಕಾಲ ಕಾದರೆ ಹವಳದ ಜೀವಿಗಳು ತಮ್ಮೊಳಗೆ ನೆಲಸಿ ತಮಗೆ ಆಹಾರವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮವಾದ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. ಶಾಖವು ಇಳಿಯದಿದ್ದರೆ ಸಾಯುತ್ತವೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು. ಇದಕ್ಕೂ ಈಗ ಮುನ್ಸೂಚನೆಯುಂಟು. ನೀರಿನ ಶಾಖವನ್ನು ಅಳೆಯುತ್ತ, ಅಪಾಯವು ಸಮೀಪಿಸುತ್ತಿದೆಯೆಂದು ಮೊದಲೇ ತಿಳಿಸುತ್ತಾರೆ. ಬೆಸ್ತನು ದೋಣಿಯನ್ನು ಮರಳಿನ ಮೇಲೆಳೆದು ಕಟ್ಟಬಲ್ಲನು, ಒರಿಸ್ಸದ ಮುದುಕಿಯನ್ನು ಕಟ್ಟಡದೊಳಕ್ಕೆ ಎತ್ತಿ ಒಯ್ಯಬಹುದು. ಹವಳವು ನಿಂತಲ್ಲಿಯೇ ನಿಂತಿರುವುದು. ಆ ವಾರಗಳಲ್ಲಿ ಅದರ ಮೇಲೆ ಲಂಗರು ಬೀಳದಂತೆಯೂ, ಕೊಳಕು ನೀರು ಹರಿಯದಂತೆಯೂ, ಹವಳದ ಮೇಲಿನ ಪಾಚಿಯನ್ನು ಮೇಯ್ದು ಅದಕ್ಕೆ ಉಪಕಾರ ಮಾಡುವ ಮೀನುಗಳನ್ನು ಹಿಡಿಯದಂತೆಯೂ ದ್ವೀಪದವರು ನೋಡಿಕೊಳ್ಳಬಹುದು. ಅಷ್ಟೇ ಅವರ ಕೈಯಲ್ಲಿರುವುದು. ಕಡಲು ಕಾಯುವುದಕ್ಕೆ ಕಾರಣವಾದ ಹೊಗೆಯು ಎದ್ದುದು ಅವರ ಒಲೆಗಳಿಂದಲ್ಲ. ಅದು ಎಲ್ಲೆಲ್ಲಿಯದೋ ಕಲ್ಲಿದ್ದಲಿನ, ಎಣ್ಣೆಯ ಹೊಗೆ. ಅದರಲ್ಲಿ ಕಡಲನ್ನೇ ಕಾಣದ ಪಟ್ಟಣಗಳ ಪಾಲೂ ಉಂಟು. ಬಿರುಗಾಳಿಯ ಸೂಚನೆಯನ್ನು ಬಂದರಕ್ಕೆ ಕಳುಹಿಸುವರು, ಸುನಾಮಿಯದನ್ನು ತೀರದ ಜಿಲ್ಲೆಗಳಿಗೆ. ಹವಳದ ಸೂಚನೆಯು ಹೋಗುವುದು ಹವಳವನ್ನು ಕಾಯುವವರಿಗೆ ಮಾತ್ರ. ಆ ಪಟ್ಟಣಗಳಿಗೆ ಅದನ್ನು ಕಳುಹಿಸಬೇಕೆಂದು ಯಾರಿಗೂ ಇನ್ನೂ ತೋರಿಲ್ಲ.